ಹಗಲಲ್ಲಿ ದೆವ್ವದ ಕಥೆ ಓದಿಸಿದ ಟೀಚರ್

ಹೋದ ತಿಂಗಳು ನಿಮ್ಮ ಅಮ್ಮ ಫೋನಿನಲ್ಲಿ ಮಾತಾಡಿ ಮುಗಿಸಿ ಹೊಸ್ತಿಲ ಮೇಲೆ ಕೂತವಳು, ಒಲೆಯ ಮೇಲಿದ್ದ ಹಾಲು ಉಕ್ಕಿದರೂ ಏಳಲಿಲ್ಲ. ನೀವಿಬ್ಬರೂ ಬಂದು "ಯಾರು ಸತ್ತಿದ್ದು ಅಜ್ಜಿ?" ಅಂತ ನನ್ನನ್ನು ಕೇಳಿದಿರಿ. "ನಮ್ಮ ಸ್ಕೂಲಿನ ಟೀಚರ್" ಅಂದೆ. ಅಷ್ಟು ಕೇಳಿ ನೀವು ಆಡಲು ಹೋದಿರಿ. ತಪ್ಪು ನಿಮ್ಮದಲ್ಲ, ನಾನು ಹೇಳಿದ್ದೇ ಅಷ್ಟು. ಬಾಯಲ್ಲಿ ಹೇಳಲು ಹೋದರೆ ನನಗೆ ಎರಡು ಮಾತಿನ ಮೇಲೆ ಮೂರನೆಯದು ಬರುವುದಿಲ್ಲ. ಬರೆಯಲು ಕೂತರೆ ಬರುತ್ತದೆ. ಇದರಲ್ಲಿ ನಿಮ್ಮ ಅಮ್ಮನ ವಿಷಯವೂ ಇದೆ. ಬರೆಯಲಾ ಎಂದು ಅವಳನ್ನು ಕೇಳಿದೆ. "ಎಲ್ಲಾ ಬರಿ. ನಂಗೆ ಓದಕ್ಕೆ ಬರ್ತಿರ್ಲಿಲ್ಲ ಅನ್ನೋದನ್ನೂ ಬರಿ" ಅಂದಳು.

ಟೀಚರ ಹೆಸರು ಬರೆಯುವುದಿಲ್ಲ. ನಾನು ಒಂದು ಸಲವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಊರಿನವರು ಬಾಯಮ್ಮ ಟೀಚರ್ ಅನ್ನುತ್ತಿದ್ದರು. ಮಂಗಳೂರು ಕಡೆಯಿಂದ ಬಂದ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೇ ಕರೆಯುವುದು. ಅವರ ತಂದೆ ಒಂದು ಕಾಲದಲ್ಲಿ ಇಲ್ಲಿನ ಯಾವುದೋ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಅಂದರೆ ಲೆಕ್ಕ ಬರೆಯುವವರು. ಟೀಚರ್ ಮದುವೆಯಾಗಿರಲಿಲ್ಲ. ಸಕಲೇಶಪುರದಲ್ಲಿ ಒಂದು ರೂಮು ಮಾಡಿಕೊಂಡು, ಬೆಳಿಗ್ಗೆ ಬೆಳಗೋಡಿನ ಬಸ್ಸಿನಲ್ಲಿ ಬಂದಿಳಿದು, ನಮ್ಮ ಸ್ಕೂಲಿಗೆ ಒಂದು ಮೈಲಿ ನಡೆದು ಬರುತ್ತಿದ್ದರು. ಉದ್ದಕ್ಕೆ, ಸಣ್ಣಕ್ಕೆ ಇದ್ದರು. ಬಿಸಿಲಿದ್ದರೂ ಮಳೆಯಿದ್ದರೂ ಕೈಯಲ್ಲಿ ಕಪ್ಪು ಕೊಡೆ. ಆ ಕೊಡೆ ಇದ್ದದ್ದು ದನಗಳಿಗೆ. ದನ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ದಾರಿಗೆ ಅಡ್ಡ ಒಂದು ಕರು ನಿಂತಿದ್ದರೂ ಸಾಕು, ಕೊಡೆ ಬಿಚ್ಚಿ ಮುಂದೆ ಹಿಡಿದು, ಯಾವುದಾದರೂ ಮಗು ಬಂದು ಅದನ್ನು ಓಡಿಸುವ ತನಕ ನಿಂತೇ ಇರುತ್ತಿದ್ದರು. "ನಮ್ಮ ಟೀಚರ್ ದೆವ್ವಕ್ಕೆ ಹೆದ್ರಲ್ಲ, ಕರುಗೆ ಹೆದ್ರುತಾರೆ" ಅಂತ ಮಕ್ಕಳು ಅವರ ಎದುರಿಗೇ ಹೇಳುತ್ತಿದ್ದವು. "ದೆವ್ವಕ್ಕೆ ಕೊಂಬು ಇಲ್ಲವಲ್ಲ ಮಾರಾಯ" ಎಂದು ಅವರೂ ನಗುತ್ತಿದ್ದರು.

ಅದು ಬಿಸಿಯೂಟ ಶುರುವಾದ ಹೊಸತು. ನಿಮ್ಮ ತಾತ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಏಳನೇ ಕ್ಲಾಸು ಓದಿದವಳು, ಗಂಡ ಇಲ್ಲದವಳು ಎಂದು ಅಡುಗೆ ಕೆಲಸ ನನಗೇ ಕೊಟ್ಟರು. ಅಡುಗೆಮನೆ ಇನ್ನೂ ಕಟ್ಟಿರಲಿಲ್ಲ. ಕ್ಲಾಸಿನ ಹಿಂದಿನ ವರಾಂಡಕ್ಕೆ ತಗಡು ಹೊಡೆದು ಒಲೆ ಹಾಕಿಕೊಟ್ಟಿದ್ದರು. ಕ್ಲಾಸಿಗೂ ನನಗೂ ನಡುವೆ ಒಂದು ಕಿಟಕಿ. ಐದು, ಆರು, ಏಳು ಮೂರೂ ತರಗತಿ ಆ ಒಂದೇ ರೂಮಿನಲ್ಲಿ ಕೂರುತ್ತಿದ್ದವು. ಪೇಪರ್ ಗಡಗಡ ಓದುವ ಮಕ್ಕಳೂ ಇದ್ದರು, ತಮ್ಮ ಹೆಸರು ಬಿಟ್ಟು ಇನ್ನೇನೂ ಗೊತ್ತಾಗದವರೂ ಇದ್ದರು. ನಾನು ಅಕ್ಕಿ ಆರಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಓದಿನ ಪಾಠ ಬೆಳಿಗ್ಗೆ ಹನ್ನೊಂದಕ್ಕೆ. ಆ ಪಾಠಕ್ಕೆ ಟೀಚರ್ ತರುತ್ತಿದ್ದದ್ದು ದೆವ್ವದ ಕಥೆಗಳನ್ನು. ಅವರ ತಂದೆಗೆ, ಎಸ್ಟೇಟ್ ಬಿಟ್ಟು ಹೋಗುವಾಗ ಬಿಳಿ ದೊರೆಯೊಬ್ಬ ಒಂದು ಟ್ರಂಕು ಪುಸ್ತಕ ಕೊಟ್ಟಿದ್ದನಂತೆ. ಅದರಲ್ಲಿ ಒಂದು ಇಂಗ್ಲೆಂಡಿನ ಹಳೇ ದೆವ್ವದ ಕಥೆಗಳದ್ದು. ಬರೆದವರೆಲ್ಲ ತೀರಿಹೋಗಿ ಎಷ್ಟೋ ಕಾಲ ಆಗಿತ್ತಂತೆ. ಟೀಚರ್ ಅವನ್ನು ಕನ್ನಡಕ್ಕೆ ಮಾಡಿ, ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದು ತರುತ್ತಿದ್ದರು. ಕಥೆ ಓದಿಸುವಾಗ ಕಿಟಕಿ ಬಾಗಿಲು ಎಲ್ಲ ತೆಗೆಸುತ್ತಿದ್ದರು. ಯಾರೋ ಒಬ್ಬ ಹುಡುಗ, ಕತ್ತಲೆ ಮಾಡಿದರೆ ಚೆನ್ನಾಗಿರುತ್ತೆ ಅಂದ. "ಕತ್ತಲೆಯಲ್ಲಿ ಹೆದರಿಸಲು ಯಾರಿಗಾದರೂ ಬರುತ್ತದೆ. ಬೆಳಕಿನಲ್ಲಿ ಹೆದರಿಸಿದರೆ ಅದು ಕಥೆ" ಅಂದರು.

ಹೆಡ್‌ಮಾಸ್ಟರಿಗೆ ಇದು ಹಿಡಿಸಿರಲಿಲ್ಲ. ಒಂದು ದಿನ ನನ್ನ ಒಲೆಯ ಹತ್ತಿರ ಟೀ ಕುಡಿಯುತ್ತಾ, "ನೀತಿ ಕಥೆ ಓದಿಸಬಾರದೇನಮ್ಮ?" ಎಂದರು. ಟೀಚರ್ ಲೋಟ ಕೆಳಗಿಟ್ಟು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ನೀತಿ ಕಥೆಯಲ್ಲಿ ಮುಂದೆ ಎಂತ ಆಗುತ್ತದೆ ಎಂದು ಮಗುವಿಗೆ ಮೊದಲೇ ಗೊತ್ತು ಸಾರ್. ಗೊತ್ತಿದ್ದದ್ದನ್ನು ತಿಳಿಯಲು ಯಾರು ಅಕ್ಷರದ ಕಷ್ಟ ಪಡುತ್ತಾರೆ?"

ಆದರೆ ಆ ಇಂಗ್ಲೆಂಡಿನ ದೆವ್ವಗಳಿಗೆ ನಮ್ಮ ಮಕ್ಕಳು ಹೆದರಲೇ ಇಲ್ಲ. ಒಂದು ಕಥೆಯಲ್ಲಿ ದೊಡ್ಡ ಮನೆಯಲ್ಲಿ ಒಬ್ಬನೇ ಗಂಡಸು ಮೇಣದಬತ್ತಿ ಹಿಡಿದು ಓಡಾಡುತ್ತಾನೆ. ಮಕ್ಕಳಿಗೆ ದೆವ್ವದ ಚಿಂತೆಯೇ ಇಲ್ಲ. "ಅಷ್ಟು ದೊಡ್ಡ ಮನೇಲಿ ಒಬ್ನೇ ಯಾಕವ್ನೆ ಟೀಚರ್? ನೆಂಟ್ರಿಲ್ವಾ? ಅನ್ನ ಯಾರ್ ಮಾಡಿಕ್ತಾರೆ?" ಇನ್ನೊಂದರಲ್ಲಿ, ಊಟದ ಹೊತ್ತಿಗೆ ಮನೆಯವರು ದಿನಾ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ, ಯಾರಿಗೆ ಅಂತ ಹೇಳುವುದಿಲ್ಲ. ಟೀಚರ್ ದನಿ ತಗ್ಗಿಸಿ, "ಆ ತಟ್ಟೆ ಯಾರಿಗೆ?" ಎಂದರು. ಇಡೀ ಕ್ಲಾಸು ಒಟ್ಟಿಗೆ "ಎಡೆ ಟೀಚರ್" ಅಂತು. ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುವುದು ನಮ್ಮಲ್ಲಿ ಎಲ್ಲರ ಮನೆಯ ಸಂಗತಿ. ಸತ್ತ ಅಜ್ಜ ಬಂದು ಉಂಡು ಹೋಗುತ್ತಾನೆ, ಅದರಲ್ಲಿ ಹೆದರುವುದೇನು? ಟೀಚರ್, "ಆಯಿತು. ನಿಮ್ಮ ಅಜ್ಜ ಏನೇನು ಉಣ್ಣುತ್ತಾರೆ, ಬರೆಯಿರಿ" ಎಂದರು. ಆ ದಿನದ ಪಾಠ ಕಡುಬು, ಕೋಳಿಸಾರಿನ ಮೇಲೆ ಮುಗಿಯಿತು. ಪಾಠ ಕೆಟ್ಟಿತು ಎಂಬ ಮುಖ ಅವರದ್ದು ನಾನು ಯಾವತ್ತೂ ನೋಡಲಿಲ್ಲ.

ಒಂದೇ ಕಥೆಯನ್ನು ಅವರು ಮೂರು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಚೆನ್ನಾಗಿ ಓದುವವರಿಗೆ ದಪ್ಪದ್ದು, ನಡುವಿನವರಿಗೆ ನಡುವಿನದು, ತಡವರಿಸುವವರಿಗೆ ಚಿಕ್ಕ ಚಿಕ್ಕ ವಾಕ್ಯದ ತೆಳುವಾದದ್ದು. ಮಕ್ಕಳಿಗೆ ಒಂದೇ ವಾರದಲ್ಲಿ ಗೊತ್ತಾಯಿತು. ದಪ್ಪದ್ದಕ್ಕೆ ಎಕ್ಸ್‌ಪ್ರೆಸ್, ತೆಳುವಾದದ್ದಕ್ಕೆ, ಅರ್ಧ ದಾರಿಗೇ ನಿಲ್ಲುವ ಬಸ್ಸಿನ ಹಾಗೆ, ಕಟ್ ಸರ್ವೀಸ್ ಎಂದು ಹೆಸರಿಟ್ಟರು. "ನೀನು ಕಟ್ ಸರ್ವೀಸ್ ಕಣೇ, ಮುಂದಿನ ಸ್ಟಾಪಲ್ಲಿ ಇಳಿ" ಅಂತ ತಮಾಷೆ. ತೆಳು ನೋಟ್‌ಬುಕ್ ಸಿಕ್ಕಿದ ಮಕ್ಕಳು ಅದನ್ನು ಲಂಗದ ಕೆಳಗೆ, ಅಂಗಿಯೊಳಗೆ ಬಚ್ಚಿಟ್ಟುಕೊಳ್ಳತೊಡಗಿದರು. ಟೀಚರ್ ಯಾರನ್ನೂ ಬೈಯಲಿಲ್ಲ. ಮುಂದಿನ ಕಥೆಯಿಂದ ಬರೆಯುವ ರೀತಿಯನ್ನೇ ಬದಲಾಯಿಸಿದರು. ದಪ್ಪ ನೋಟ್‌ಬುಕ್ಕಿನಲ್ಲಿ ಮನೆ ಎಲ್ಲಿತ್ತು, ಯಾರು ಬಂದರು, ಏನು ನೋಡಿದರು ಎಲ್ಲ ಇರುತ್ತಿತ್ತು. ಆದರೆ ದೆವ್ವ ಯಾಕೆ ಬಂತು ಅನ್ನುವುದು ಇರುತ್ತಿರಲಿಲ್ಲ. ಅದನ್ನು ತೆಳು ನೋಟ್‌ಬುಕ್ಕಿನಲ್ಲಿ ಮಾತ್ರ ಬರೆಯುತ್ತಿದ್ದರು. ಆಮೇಲೆ ನೋಡಬೇಕಿತ್ತು, ಬಿಡುವಿನಲ್ಲಿ ಎಕ್ಸ್‌ಪ್ರೆಸ್ಸಿನವರೆಲ್ಲ ಕಟ್ ಸರ್ವೀಸಿನವರ ಹಿಂದೆ ಗೋಗರೆಯುತ್ತಿದ್ದದ್ದು.

ನಿಮ್ಮ ಅಮ್ಮ ಸುಮಾ ಆಗ ಏಳನೇ ಕ್ಲಾಸು. ತೆಳು ನೋಟ್‌ಬುಕ್ಕಿನವಳು. ಮನೆಯಲ್ಲಿ ಪುಸ್ತಕ ಹಿಡಿದು ಬೆರಳು ಓಡಿಸುತ್ತಾ ತುಟಿ ಆಡಿಸುತ್ತಿದ್ದಳು. ನಿಧಾನ ಓದುತ್ತಾಳೆ ಎಂದುಕೊಂಡಿದ್ದೆ. ಆ ವರ್ಷದ ಗೌರಿಹಬ್ಬಕ್ಕೆ ಬಟ್ಟೆ ತರಲು ಸಕಲೇಶಪುರಕ್ಕೆ ಹೋಗಿದ್ದೆವು. ನಿಮ್ಮ ತಾತನ ಅಣ್ಣನೂ ಜೊತೆಗಿದ್ದರು. ನಾನು ಅವರನ್ನು ಭಾವ ಅನ್ನುತ್ತಿದ್ದೆ. ಎಸ್ಟೇಟಿನಲ್ಲಿ ಆಳುಗಳ ಮೇಲೆ ಮೇಸ್ತ್ರಿ. ನಿಮ್ಮ ತಾತ ಹೋದ ಮೇಲೆ ನಮ್ಮಿಬ್ಬರ ಅಕ್ಕಿ ರಾಗಿ ಎಲ್ಲ ಅವರ ಮನೆಯಿಂದಲೇ ಬರುತ್ತಿತ್ತು, ನಮ್ಮ ಬಗ್ಗೆ ತೀರ್ಮಾನ ಮಾಡುವವರೂ ಅವರೇ. ಬಸ್‌ಸ್ಟ್ಯಾಂಡಿನಲ್ಲಿ, "ಬೋರ್ಡ್ ನೋಡ್ಕೊಂಡು ನಮ್ಮ ಬಸ್ಸಲ್ಲಿ ಸೀಟ್ ಹಿಡಿ ಹೋಗವ್ವ" ಎಂದು ಸುಮಾಳನ್ನು ಕಳಿಸಿದರು. ಅರ್ಧ ಗಂಟೆ ಹುಡುಕಿದೆವು. ಬೆಳಗೋಡಿನದು ಬಿಟ್ಟು ಆಲೂರಿನ ಬಸ್ಸಿನಲ್ಲಿ ಮೂರು ಸೀಟಿಗೆ ಟವೆಲ್ ಹಾಸಿ ಕೂತಿದ್ದಳು.

ಭಾವ ಆವತ್ತು ಬೈಯಲಿಲ್ಲ. ಮನೆಗೆ ಬಂದು ಊಟ ಮಾಡಿ ಕೈ ತೊಳೆದು ಹೇಳಿದರು: "ಬೋರ್ಡ್ ಓದಕ್ಕೆ ಬರ್ದಿರೋಳು ದಿನಾ ಬೆಳಗೋಡಿನ ಹೈಸ್ಕೂಲಿಗೆ ಹೋಗಿ ಬರೋದು ಯಾಕೆ? ಈ ಸಲದ ಕಾಫಿ ಹಣ್ಣು ಕುಯ್ದು ಮುಗಿಯೋ ಹೊತ್ಗೆ ನನ್ ಮುಂದೆ ಒಂದು ಕಥೆ ಓದ್ಲಿ. ಓದಿದ್ರೆ ಹೈಸ್ಕೂಲು. ಇಲ್ಲ ಅಂದ್ರೆ ಬೇಸಿಗೆಯಿಂದ ನನ್ ಜೊತೆ ತೋಟಕ್ಕೆ ಬರ್ಲಿ. ನಾನು ಯಾರ್ಗೂ ಕೆಟ್ಟದ್ ಮಾಡಾಕಿಲ್ಲ."

ನಿಜ, ಅವರು ಕೆಟ್ಟ ಮನುಷ್ಯರಲ್ಲ. ಅದಕ್ಕೇ ಆ ಮಾತಿಗೆ ಒಪ್ಪಿಕೊಂಡೆ.

ಡಿಸೆಂಬರಿನಲ್ಲಿ ಟೀಚರ್ ಒಂದು ಗಿರಣಿಯ ಕಥೆ ತಂದರು. ಹೊಳೆ ಬತ್ತಿ ಮುಚ್ಚಿಹೋದ ಹಿಟ್ಟಿನ ಗಿರಣಿ. ಕಾಯಲು ಬಂದವನು ನೋಡುತ್ತಾನೆ, ದಿನಾ ಸಂಜೆ ನೀರಿಲ್ಲದೆಯೇ ಚಕ್ರ ತಿರುಗುತ್ತದೆ. ದಪ್ಪ ನೋಟ್‌ಬುಕ್ ಅಲ್ಲಿಗೆ ನಿಲ್ಲುತ್ತಿತ್ತು. ಚಕ್ರ ಯಾಕೆ ತಿರುಗುತ್ತದೆ ಅನ್ನುವುದು ತೆಳು ನೋಟ್‌ಬುಕ್ಕಿನಲ್ಲಿ. ಆ ಸಲ ಅದು ಸುಮಾಳ ಕೈಗೆ ಬಂತು. ಊಟದ ಹೊತ್ತಿನಲ್ಲಿ ನಾನು ಅನ್ನ ಬಡಿಸುತ್ತಿದ್ದಾಗ, ಕ್ಲಾಸಿಗೇ ಜಾಣೆಯಾದ ಶಶಿಕಲಾ ತಟ್ಟೆ ಹಿಡಿದುಕೊಂಡು ಇವಳ ಪಕ್ಕಕ್ಕೆ ಬಂದಳು.

"ಏ ಸುಮಾ, ಹೇಳೇ. ಚಕ್ರ ಯಾಕೆ ತಿರುಗ್ತಿತ್ತು?"

"ಹೇಳಲ್ಲ ಹೋಗೆ."

"ಓದಿದೀಯೋ ಇಲ್ವೋ?"

"ಓದಿವ್ನಿ ಕಣೇ. ಹೇಳಿದ್ರೆ ನಿಂಗೆ ಅನ್ನ ಇಳಿಯಲ್ಲ."

"ಇಳೀದಿದ್ರೆ ಬುಡು. ಹೇಳು."

ಹೇಳಿದಳು. ಸಾರಿನ ಪಾತ್ರೆಗೆ ನಾನು ಒಳಗೆ ಹೋಗಿದ್ದರಿಂದ ಏನು ಹೇಳಿದಳು ಎಂದು ಕೇಳಲಿಲ್ಲ. ವಾಪಸ್ಸು ಬಂದಾಗ ಏಳೆಂಟು ಹುಡುಗಿಯರು ತಟ್ಟೆಯಲ್ಲಿ ಕೈಯಿಟ್ಟುಕೊಂಡು ಹಾಗೇ ಕೂತಿದ್ದರು.

ಎರಡು ದಿನ ಕಳೆದ ಮೇಲೆ ನಲ್ಲಿಯ ಹತ್ತಿರ ನಿಂಗಜ್ಜಿ ಸಿಕ್ಕಿದಳು. ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್. ಹಗಲೆಲ್ಲ ಕುಯ್ದ ಹಣ್ಣನ್ನು ಅದೇ ಸಂಜೆ ಅದಕ್ಕೆ ಹಾಕಬೇಕು, ರಾಶಿ ಬಿಟ್ಟರೆ ಹುಳಿಯುತ್ತದೆ. ನಿಂಗಜ್ಜಿ ದನಿ ಇಳಿಸಿ ಹೇಳಿದಳು: "ನಿಂಗೊತ್ತಿಲ್ವಾ? ನಮ್ ಪಲ್ಪರ್ ಮನೇಲಿ ಒಬ್ಳು ಹೆಂಗ್ಸು ಐತೆ. ಅವಳ ಕಿವಿ ಓಲೆ ಹಣ್ಣಿನ ರಾಶೀಲಿ ಕಳ್ದೋಯ್ತಂತೆ, ಹುಡುಕ್ತಾ ಹುಡುಕ್ತಾನೇ ಸತ್ತೋದ್ಳಂತೆ. ಈಗ ಸಂಜೆಯಾದ್ರೆ ತಾನೇ ಚಕ್ರ ತಿರುಗಿಸ್ತಾಳೆ. ಹಿಂದ್ಗಡೆಯಿಂದ ಬಂದು ಭುಜ ಮುಟ್ಟಿ, ಓಲೆ ಸಿಕ್ತಾ, ಅಂತಾಳೆ. ನಿನ್ನೆಯಿಂದ ನಾಲ್ಕು ಗಂಟೆ ಮೇಲೆ ಒಬ್ರೂ ಅಲ್ಲಿ ನಿಂತಿಲ್ಲ. ಹಣ್ಣೆಲ್ಲ ಹಂಗೇ ಬಿದ್ದೈತೆ."

ನನ್ನ ಕೊಡ ತುಂಬಿ ಹರಿಯುತ್ತಿತ್ತು. ಆ ದೆವ್ವ ಯಾರು ಎಂದು ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅದು ನಾನೇ. ಬಿಸಿಯೂಟದ ಕೆಲಸ ಸಿಗುವ ಮೊದಲು ನಾನೂ ಆ ಪಲ್ಪರ್ ಮನೆಯಲ್ಲಿ ಹಣ್ಣು ಆರಿಸುತ್ತಿದ್ದೆ. ನಿಮ್ಮ ತಾತ ಮಾಡಿಸಿಕೊಟ್ಟಿದ್ದ ಓಲೆಯಲ್ಲಿ ಒಂದು ಅಲ್ಲಿ ಬಿದ್ದುಹೋಯಿತು. ಮೂರು ದಿನ ಒದ್ದೆ ಸಿಪ್ಪೆ ಬಗೆದೆ. ಕಂಡಕಂಡವರ ಭುಜ ಮುಟ್ಟಿ, "ಓಲೆ ಸಿಕ್ತಾ?" ಎಂದು ಕೇಳಿದೆ. ಉಳಿದವರೆಲ್ಲ ಅದನ್ನು ಯಾವಾಗಲೋ ಮರೆತಿದ್ದರು. ಸುಮಾ ಆಗ ಚಿಕ್ಕವಳು, ನನ್ನ ಸೆರಗು ಹಿಡಿದುಕೊಂಡೇ ಇದ್ದಳು. ನೋಟ್‌ಬುಕ್ಕಿನಲ್ಲಿ ಇಂಗ್ಲೆಂಡಿನ ಗಿರಣಿ ಇತ್ತು. ಇವಳು ಹೇಳಿದ್ದು ತನ್ನ ಅವ್ವನ ಕಥೆಯನ್ನು. ಅಂದರೆ ಇವಳು ಆ ನೋಟ್‌ಬುಕ್ ಓದಿಯೇ ಇಲ್ಲ.

ಮನೆಗೆ ಬಂದು ಕೇಳಿದೆ. ಅವಳು ಅತ್ತೂ ಇಲ್ಲ, ಸುಳ್ಳೂ ಹೇಳಲಿಲ್ಲ. "ಓದಕ್ಕೆ ಬರಲ್ಲ ಕಣವ್ವ. ಒಂದೊಂದೇ ಅಕ್ಷರ ಗೊತ್ತಾಯ್ತದೆ. ಕೂಡ್ಸಕ್ಕೋದ್ರೆ ಜಾರೋಯ್ತವೆ. ಪಕ್ಕದೋರು ಓದಿದ್ದು ಕೇಳ್ಕೊಂಡು ಹೇಳ್ಬುಡ್ತೀನಿ."

ಮಾರನೇ ದಿನ ಟೀಚರ ಮೇಜಿನ ಮುಂದೆ ಹೋಗಿ ನಿಂತೆ. "ಎಂತ, ಉಪ್ಪು ಮುಗಿಯಿತಾ?" ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಅಲ್ಲೇ ಇದ್ದ ಸೀಮೆಸುಣ್ಣದ ಡಬ್ಬದ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟೆ: 'ನನ್ನ ಮಗಳಿಗೆ ಓದಲು ಬರುವುದಿಲ್ಲ. ಪಲ್ಪರ್ ಮನೆಯ ಕಥೆ ಅವಳೇ ಕಟ್ಟಿದ್ದು. ಹಣ್ಣು ಮುಗಿಯುವುದರೊಳಗೆ ಓದದಿದ್ದರೆ ಅವಳ ದೊಡ್ಡಪ್ಪ ತೋಟಕ್ಕೆ ಕರೆದುಕೊಂಡು ಹೋಗುತ್ತಾರೆ.'

ಟೀಚರ್ ಎರಡು ಸಲ ಓದಿದರು. "ನಾನು ಮೂರು ವರ್ಷದಿಂದ ಹೆದರಿಸುತ್ತಿದ್ದೇನೆ, ಒಂದು ಮಗುವೂ ಹೆದರಲಿಲ್ಲ. ಇವಳು ಒಂದು ಊಟದ ಹೊತ್ತಿನಲ್ಲಿ ಇಡೀ ಎಸ್ಟೇಟನ್ನು ಹೆದರಿಸಿದಳಾ?" ಎಂದರು. ಆಮೇಲೆ ರಟ್ಟನ್ನು ತಿರುಗಿಸಿ ನೋಡಿ, "ನಿಮ್ಮ ಬರಹ ನನ್ನದಕ್ಕಿಂತ ಚೆನ್ನಾಗಿದೆ" ಎಂದರು. "ಅವಳಿಗೆ ಬಾರದ್ದು ನನಗೆ ಗೊತ್ತಾಗಬೇಕಿತ್ತು. ತುಟಿ ನೋಡಿದೆ, ಕಣ್ಣು ನೋಡಲಿಲ್ಲ. ಅದು ನನ್ನ ತಪ್ಪು."

ಅಷ್ಟರಲ್ಲಿ ಭಾವ ಬಂದೇಬಿಟ್ಟರು. ಅಂಗಳದಲ್ಲೇ ನಿಂತು ದನಿ ಎತ್ತಿದರು. "ಎರಡು ದಿನದ ಹಣ್ಣು ಹುಳೀತಾ ಐತೆ ಬಾಯಮ್ಮೋರೆ. ಎಲ್ಲಾ ನಿಮ್ ಸ್ಕೂಲಿಂದ ಎದ್ದ ಸುದ್ದಿ. ಯಾವ ಮಗು ಕಟ್ಟಿದ್ದು ಈ ಕಥೆಯ? ನಂಗೆ ಅದು ಬೇಕು."

ಸುಮಾ ಎರಡನೇ ಸಾಲಿನಲ್ಲಿ ಕೂತಿದ್ದಳು. ತೆಳು ನೋಟ್‌ಬುಕ್ ಅವಳ ಮುಂದೆಯೇ ಇತ್ತು. ಟೀಚರ್ ಮೆಟ್ಟಿಲಿಳಿದು ಹೋಗಿ ಹೇಳಿದರು: "ಕಥೆ ಈ ಕ್ಲಾಸಿನದ್ದು. ಕ್ಲಾಸು ನನ್ನದು. ಹಾಗಾಗಿ ಬೈಯುವುದಿದ್ದರೆ ನನ್ನನ್ನು ಬೈಯಿರಿ. ಹಣ್ಣಿನ ವಿಷಯಕ್ಕೆ ಇವತ್ತು ನಾಲ್ಕು ಗಂಟೆಗೆ ನಾನೇ ಬಂದು ಪಲ್ಪರ್ ಮನೆಯಲ್ಲಿ ಕೂರುತ್ತೇನೆ."

"ನೀವಾ?"

"ನಾನೇ. ನಿಮ್ಮ ಎಸ್ಟೇಟಿನ ದನಗಳನ್ನು ಮಾತ್ರ ದಾರಿಯಿಂದ ಆಚೆ ಕಟ್ಟಿಹಾಕಿಸಿ."

ಬಂದರು. ಒಂದು ದಿನವಲ್ಲ, ಹೆಂಗಸರು ತಾವಾಗಿ ನಿಲ್ಲುವ ತನಕ ಒಂಬತ್ತು ದಿನ. ಬುಟ್ಟಿ ಮಗುಚಿ ಹಾಕಿಕೊಂಡು, ಮಿಷನ್ನಿನ ಪಕ್ಕದಲ್ಲೇ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದರು. ಯಾವತ್ತೂ ಕಿವಿಗೆ ಏನೂ ಹಾಕದವರು, ಆ ಒಂಬತ್ತು ದಿನ ದೊಡ್ಡ ಓಲೆ ಹಾಕಿಕೊಂಡು ಬಂದರು. "ಕಿತ್ಕಂಡೋದ್ರೆ ಏನ್ ಮಾಡ್ತೀರಿ?" ಎಂದು ನಿಂಗಜ್ಜಿ ಕೇಳಿದರೆ, "ಒಂದು ಸಿಕ್ಕಿದರೆ ಅವಳು ಹುಡುಕುವುದು ಬಿಡುತ್ತಾಳಲ್ಲ, ನಿಮಗೆ ಒಳ್ಳೆಯದೇ" ಎಂದರು. ಹೆಂಗಸರಿಗೆ ಅದು ಸರಿ ಕಂಡಿತು. ಭಯ ಹೋಯಿತು, ಆದರೆ ಆಸೆ ಹುಟ್ಟಿತು. ಮಕ್ಕಳ ಬಾಯಿಂದ ಬಂದದ್ದು ಅರ್ಧಂಬರ್ಧ, ಪೂರ್ತಿ ಕಥೆ ಹೇಳಿ ಎಂದು ದುಂಬಾಲು ಬಿದ್ದರು. ಟೀಚರ್, "ಹಣ್ಣು ಮುಗಿದ ದಿನ ಓದಿಸುತ್ತೇನೆ. ಓದಲು ಬೇರೆಯವರು ಇದ್ದಾರೆ" ಎಂದರು. ಭಾವ ಅಲ್ಲೇ ನಿಂತು ಕೇಳಿಸಿಕೊಂಡರು.

ಭಾವ ಸ್ಕೂಲಿಗೆ ಬಂದುಹೋದ ಮಾರನೆಯ ದಿನದಿಂದಲೇ ಊಟದ ಬಿಡುವಿನಲ್ಲಿ ನನ್ನ ತಗಡಿನ ಅಡುಗೆಮನೆಯೇ ಶಾಲೆಯಾಯಿತು. ಟೀಚರ್ ಸುಮಾಳನ್ನು ಎದುರು ಕೂರಿಸಿಕೊಂಡು, "ಶಶಿಕಲಾಗೆ ಹೇಳಿದ್ದನ್ನು ಹಾಗೇ ಹೇಳು" ಎಂದರು. ನನ್ನ ಕೈಗೆ ಪೆನ್ನು ಕೊಟ್ಟರು. "ಇವಳ ಮಾತು ನನ್ನ ಕೈಯಲ್ಲಿ ಬರೆಯಲು ಬರುವುದಿಲ್ಲ. ನಾನು ಬರೆದರೆ ಪುಸ್ತಕದ ಮಾತು ಆಗುತ್ತದೆ. ನೀವು ಬರೆಯಿರಿ." ಅವಳು 'ಐತೆ' ಅಂದರೆ ಐತೆ ಎಂದೇ ಬರೆದೆ. 'ಹೋಗ್ಬುಟ್ಳು' ಅಂದರೆ ಹಾಗೇ ಬರೆದೆ. ಪರೀಕ್ಷೆಯಲ್ಲಿ ಬರೆದದ್ದು ಬಿಟ್ಟರೆ ನಾನು ಅಷ್ಟುದ್ದ ಬರೆದದ್ದು ಅದೇ ಮೊದಲು. ತನ್ನ ಮಾತು ಸಾಲುಸಾಲಾಗಿ ಕಾಗದದ ಮೇಲೆ ನಿಂತದ್ದನ್ನು ಸುಮಾ ಬಗ್ಗಿ ಬಗ್ಗಿ ನೋಡಿದಳು.

ಟೀಚರ್ ಒಂದು ಪೋಸ್ಟ್‌ಕಾರ್ಡಿನ ನಡುವೆ ಒಂದು ಪದದಷ್ಟು ಅಗಲಕ್ಕೆ ಬ್ಲೇಡಿನಿಂದ ಕಿಂಡಿ ಕೊಯ್ದಿದ್ದರು. ಅದನ್ನು ಪುಟದ ಮೇಲಿಟ್ಟು ಸರಿಸಿದರೆ ಒಂದು ಪದ ಮಾತ್ರ ಕಾಣುತ್ತದೆ. ಮೊದಮೊದಲು ವರಸೆಯಾಗಿ ಸರಿಸುತ್ತಿದ್ದರು. ಮುಂದೆ ಏನು ಬರುತ್ತದೆ ಎಂದು ಇವಳಿಗೆ ಗೊತ್ತಿದ್ದದ್ದರಿಂದ ಅಕ್ಷರಗಳು ಜಾರುವುದು ಕಡಿಮೆಯಾಯಿತು. ಆಮೇಲೆ ಎಲ್ಲೆಲ್ಲೋ ಇಡತೊಡಗಿದರು, ಒಂದು ಸಲ ಮೇಲಿನ ಸಾಲು, ಒಂದು ಸಲ ಕೊನೆಯ ಸಾಲು. ಸುಮಾ ತಪ್ಪು ಹೇಳಿದರೆ ಅವರು ತಪ್ಪು ಅನ್ನುತ್ತಿರಲಿಲ್ಲ. ಕಾರ್ಡು ಸರಿಸದೆ ಸುಮ್ಮನೆ ಕೂರುತ್ತಿದ್ದರು. ನನ್ನ ಅನ್ನ ತಳ ಹಿಡಿದರೂ ಅವರು ಕಾಯುವುದು ಮುಗಿಯುತ್ತಿರಲಿಲ್ಲ. ಒಂದು ದಿನ ನಾನು ತಡೆಯಲಾರದೆ ಒಲೆಯ ಹತ್ತಿರದಿಂದ ಪದ ಹೇಳಿಕೊಟ್ಟೆ. ಟೀಚರ್ ನನ್ನ ಕಡೆ ತಿರುಗಿ, "ನಿಮ್ಮ ಸಾರಿಗೆ ನಾನು ಬಂದು ಉಪ್ಪು ಹಾಕುತ್ತೇನಾ?" ಎಂದರು. ಮತ್ತೆ ಬಾಯಿ ಹಾಕಲಿಲ್ಲ.

ಹಣ್ಣು ಮುಗಿಯಲು ಮೂರು ದಿನ ಇದ್ದಾಗ, ಸ್ಕೂಲು ಬಿಟ್ಟು ಸುಮಾ ಆಡಲು ಹೋದ ಹೊತ್ತಿನಲ್ಲಿ, ಟೀಚರ್ ನನ್ನ ಹತ್ತಿರ ಬಂದರು. "ಕೊನೆಯ ಪುಟ ಕಿತ್ತು ಹಾಕಿ ಬೇರೆ ಬರೆಯಿರಿ. ಆ ಹೆಂಗಸಿಗೆ ಎಂತ ಆಯಿತು, ನಿಮಗೆ ತೋಚಿದ್ದು ಬರೆಯಿರಿ. ಅವಳಿಗೆ ತೋರಿಸಬೇಡಿ."

ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟೆ. "ನಿಂತೋದ್ರೆ ಟೀಚರ್? ಭಾವ ಎದುರಿಗೇ ಕೂತಿರ್ತಾರೆ."

"ಅವರಿಗೋಸ್ಕರವೇ. ಈಗ ಇವಳಿಗೆ ಕಥೆ ಪೂರ್ತಿ ಬಾಯಿಗೆ ಬಂದಿದೆ. ಎಷ್ಟು ಚೆನ್ನಾಗಿ ಓದಿದರೂ ಬಾಯಿಪಾಠ ಅನ್ನುತ್ತಾರೆ. ಅವರು ಅನ್ನುವುದು ಸರಿಯೂ ಹೌದು. ಗೊತ್ತಿಲ್ಲದ್ದನ್ನು ಓದಿದರೆ ಮಾತ್ರ ಅದು ಓದು."

"ಬರ್ದೇ ಹೋದ್ರೆ?"

"ಬರುತ್ತದೆ" ಎಂದರು. ಕೊಡೆ ಹಿಡಿದು ಬಸ್ಸಿಗೆ ಹೋದರು.

ಮನೆಯಲ್ಲಿ ಸುಮಾ ಸೌದೆ ತರಲು ಹೋಗಿದ್ದಾಗ ಬರೆದೆ. ಒಂದು ಪುಟವೂ ಪೂರ್ತ ಆಗಲಿಲ್ಲ.

ಹಣ್ಣು ಮುಗಿದ ದಿನ ಪಲ್ಪರಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಎಲ್ಲರಿಗೂ ಮಂಡಕ್ಕಿ ಬೆಲ್ಲ ಹಂಚುವುದು ಎಸ್ಟೇಟಿನ ಪದ್ಧತಿ. ಮಧ್ಯಾಹ್ನ ಮೂರು ಗಂಟೆ. ಮೂವತ್ತು ಜನ ಹೆಂಗಸರು ಕಟ್ಟೆಯ ಸುತ್ತ ಕೂತಿದ್ದರು. ಭಾವ ಮುಂದುಗಡೆ, ಕಾಲ ಮೇಲೆ ಕಾಲು ಹಾಕಿಕೊಂಡು. ಟೀಚರ್ ಬಾಗಿಲ ಹತ್ತಿರ ನಿಂತರು, ಸುಮಾಳಿಂದ ದೂರಕ್ಕೆ. ಬೇಕೆಂದೇ ದೂರ ನಿಂತದ್ದು ಎಂದು ನನಗೆ ಗೊತ್ತಾಯಿತು.

ಸುಮಾ ಓದಿದಳು. ಪದಕ್ಕೆ ಪದಕ್ಕೆ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ನಿಧಾನಕ್ಕೇ ಹೆಂಗಸರು ಮಂಡಕ್ಕಿ ಅಗಿಯುವುದು ನಿಲ್ಲಿಸಿದರು. "ಹಿಂದ್ಗಡೆಯಿಂದ... ಬಂದು... ಭುಜ... ಮುಟ್ಟಿ..." ಎನ್ನುವಾಗ ಯಾರೋ ಒಬ್ಬಳು ತನ್ನ ಭುಜ ತಾನೇ ಮುಟ್ಟಿಕೊಂಡಳು. ಭಾವ ಮಾತ್ರ ಹುಬ್ಬು ಗಂಟಿಕ್ಕಿ ಅವಳ ಬೆರಳನ್ನೇ ನೋಡುತ್ತಿದ್ದರು. ನಡುವೆ ಒಮ್ಮೆ ನನ್ನ ಕಡೆ ಬಗ್ಗಿ, "ಚೆನ್ನಾಗ್ ಕಲ್ಸಿದೀರಿ. ಗಿಣಿ ಹಂಗೆ ಒಪ್ಪಿಸ್ತಾವ್ಳೆ" ಎಂದರು.

ಕೊನೆಯ ಪುಟ ತಿರುಗಿಸಿದಳು. ನಿಂತಳು.

ಇನ್ನೂ ನಿಂತೇ ಇದ್ದಳು. "ಆಯ್ತಾ? ಖಾಲಿಯಾಯ್ತಾ?" ಎಂದರು ಭಾವ. ನಿಂಗಜ್ಜಿ ಅವರ ಮೊಣಕಾಲಿಗೆ ಬಡಿದು, "ಸುಮ್ನೆ ಕೂತ್ಕೊ ಮಾರಾಯ, ಹೆದ್ರುಸಕ್ಕೆ ಅಂತಲೇ ನಿಲ್ಸವ್ಳೆ" ಎಂದಳು.

ಸುಮಾ ತಲೆ ಎತ್ತಿ ಬಾಗಿಲ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಟೀಚರ್, ಇದು ಮೊದ್ಲು ಇರ್ಲಿಲ್ಲ. ಇದು ನಾನು ಹೇಳಿದ್ದಲ್ಲ."

"ಈಗ ಇದೆ. ಓದು" ಎಂದರು ಟೀಚರ್.

ಭಾವ ಕಾಲು ಕೆಳಗಿಳಿಸಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಪದಗಳೆಲ್ಲ ನನ್ನ ನಾಲಗೆಯ ತುದಿಯಲ್ಲಿದ್ದವು. ಟೀಚರ್ ನನ್ನ ಕಡೆ ನೋಡಲೂ ಇಲ್ಲ. ಎರಡು ಕೈಯನ್ನೂ ಕೊಡೆಯ ಹಿಡಿಯ ಮೇಲಿಟ್ಟು, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಸುಮಾಳ ಬೆರಳು ಮೊದಲ ಪದದ ಕೆಳಗೆ ಬಂತು. ಅಕ್ಷರ ಅಕ್ಷರವಾಗಿ ತುಟಿಯೊಳಗೇ ಹೇಳಿಕೊಂಡಳು, ಒಂದು ಸಲ, ಎರಡು ಸಲ. ಆಮೇಲೆ ದನಿ ಬಂತು.

"ಓಲೆ... ಸಿಗ್ಲಿಲ್ಲ. ಎಷ್ಟು... ಹುಡುಕುದ್ರೂ... ಸಿಗ್ಲಿಲ್ಲ. ಒಂದಿನ... ಆ ಹೆಂಗ್ಸು... ಸಾಕು... ಅಂದ್ಬುಟ್ಟು... ಚಕ್ರ... ನಿಲ್ಸಿದ್ಳು. ಕೈ... ತೊಳ್ಕೊಂಡು... ಮನೆಗೆ... ಹೋದ್ಳು. ಮನೇಲಿ... ಮಗಳು... ಕಾಯ್ತಾ... ಕೂತಿದ್ಳು."

'ಕಾಯ್ತಾ' ಅನ್ನುವಲ್ಲಿ ಎರಡು ಸಲ ತಪ್ಪಿದಳು, ಮೂರನೆಯ ಸಲ ಹಿಡಿದಳು. ಓದಿ ಮುಗಿಸಿದ ಮೇಲೆ ಪುಟದಿಂದ ಕಣ್ಣು ತೆಗೆಯದೆ ಇನ್ನೊಂದು ಸಲ ಅದನ್ನೇ ಓದಿಕೊಂಡಳು, ಮೆಲ್ಲಗೆ, ತನಗೆ ಮಾತ್ರ. ಆಮೇಲೆ ನನ್ನ ಕಡೆ ನೋಡಿದಳು. ಅಕ್ಷರ ಯಾರದ್ದು ಎಂದು ಅವಳಿಗೆ ಗೊತ್ತಾಗಿತ್ತು.

ಹೆಂಗಸರು ಮಂಡಕ್ಕಿಗೆ ಕೈ ಹಾಕಿದರು. ನಿಂಗಜ್ಜಿ, "ಸದ್ಯ, ಮನೆಗೋದ್ಳಲ್ಲ" ಎಂದು ಉಸಿರು ಬಿಟ್ಟಳು. ಭಾವ ಎದ್ದು ಹೋಗಿ ಸುಮಾಳ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು, ಕೊನೆಯ ಪುಟವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಅವರಿಗೆ ಸಹಿ ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ ಎಂದು ಆ ಕ್ಷಣದಲ್ಲಿ ನನಗೆ ಹೊಳೆಯಿತು. ನೋಟ್‌ಬುಕ್ಕನ್ನು ಮಡಚಿ ವಾಪಸ್ಸು ಅವಳ ಕೈಗೇ ಕೊಟ್ಟರು. ಬಾಗಿಲಲ್ಲಿದ್ದ ಟೀಚರನ್ನು ದಾಟಿ ಹೋಗುವಾಗ ನಿಂತು, ಬೇರೆ ಯಾವುದೋ ವಿಷಯ ಮಾತಾಡುವವರ ಹಾಗೆ ಕೇಳಿದರು:

"ಹೈಸ್ಕೂಲಿನ ಬಸ್ ಪಾಸಿಗೆ ಫೋಟೋ ಎಷ್ಟು ಬೇಕಾಯ್ತದೆ ಬಾಯಮ್ಮೋರೆ, ಒಂದಾ ಎರಡಾ?"